ಬೀಜ ಅವರದ್ದು, ಸುಲಿಯುವವರು ನಮ್ಮವರು; ಪಾಠ ಮಾತ್ರ ಯಾರಿಗೂ ಬೇಡ!

ಬೆಳಿಗ್ಗೆ ಏಳೂವರೆಯ ಸುಮಾರಿಗೆ ಕಾರ್ಕಳ ಕಡೆಯ ಯಾವ ಸರ್ವಿಸ್ ಬಸ್ಸು ಹತ್ತಿದರೂ ಒಂದು ದೃಶ್ಯ ತಪ್ಪುವುದಿಲ್ಲ. ಸೀಟು ತುಂಬ ಹೆಂಗಸರು. ಮಡಿಲಲ್ಲಿ ಬುತ್ತಿಯ ಚೀಲ, ಕೈಯಲ್ಲಿ ಕೊಡೆ. ಕಂಡಕ್ಟರು 'ಫ್ಯಾಕ್ಟರಿ ಇಳಿಯುವವರು ಮುಂದೆ ಬನ್ನಿ' ಎಂದು ಸೀಟಿ ಊದಿದ ಕೂಡಲೇ ಬಸ್ಸು ಅರ್ಧ ಖಾಲಿ. ಆ ಬೆರಳುಗಳನ್ನು ನೋಡಿದವರು ಕೆಲಸ ಯಾವುದೆಂದು ಕೇಳಬೇಕಾಗಿಲ್ಲ. ಗೇರುಬೀಜದ ಸೊನೆ ಹತ್ತಿದ ಬೆರಳು ಯಾವ ಸೋಪಿಗೂ ಜಗ್ಗುವುದಿಲ್ಲ.

ಅದೇ ಬೀಜ ಸುಲಿದು, ಸಿಪ್ಪೆ ತೆಗೆದು, ಅಳತೆ ಪ್ರಕಾರ ವಿಂಗಡವಾಗಿ ಪೇಟೆಗೆ ಬರುತ್ತದೆ. ಮಂಗಳೂರಿನ ಅಂಗಡಿಯಲ್ಲಿ ಗಿರಾಕಿ ಕೇಳುತ್ತಾರೆ: 'ಊರಿನ ಬೀಜವಾ ಇದು?' ಅಂಗಡಿಯವರು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: 'ಊರಿನದ್ದೇ ಅಕ್ಕಾ, ಮತ್ತೆಂತದ್ದು!'

ಅಂಗಡಿಯವರದ್ದು ಪೂರಾ ಸುಳ್ಳೂ ಅಲ್ಲ, ಪೂರಾ ಸತ್ಯವೂ ಅಲ್ಲ. ಸುಲಿದದ್ದು ಊರಿನಲ್ಲಿ, ಪೊಟ್ಟಣ ಕಟ್ಟಿದ್ದು ಊರಿನಲ್ಲಿ, ಬೆರಳು ಸುಟ್ಟುಕೊಂಡದ್ದು ಊರಿನ ಹೆಂಗಸು. ಆದರೆ ಮರ? ಮರ ಇರುವುದು ಎಷ್ಟೋ ಸಲ ಸಮುದ್ರದಾಚೆ, ಆಫ್ರಿಕದಲ್ಲಿ!

ಲೆಕ್ಕ ಸುಲಭ ಮಾರಾಯ್ರೆ. ನಮ್ಮ ಗುಡ್ಡೆಯ ಗೇರುಮರ ಫಲ ಕೊಡುವುದು ಬೇಸಿಗೆಯ ಮೂರು ತಿಂಗಳು. ಕಾರ್ಖಾನೆಯ ಬಾಯ್ಲರು ಉರಿಯಬೇಕಾದದ್ದು ಹನ್ನೆರಡು ತಿಂಗಳು. ದೇಶದ ಕಾರ್ಖಾನೆಗಳಿಗೆ ಬೇಕಾದಷ್ಟು ಬೀಜ ದೇಶದಲ್ಲಿ ಬೆಳೆಯುವುದಿಲ್ಲ. ತಾಂಜಾನಿಯ, ಮೊಜಾಂಬಿಕ್‌ಗಳಲ್ಲಿ ಕೊಯ್ಲು ಅಕ್ಟೋಬರಿನಿಂದ ಶುರು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವುಗಳಲ್ಲಿ ಫೆಬ್ರವರಿಯ ಮೇಲೆ. ಅಲ್ಲಿಂದ ಹಡಗು ಹತ್ತಿದ ಬೀಜ ಪಣಂಬೂರಿನಲ್ಲೋ ಇನ್ನೊಂದು ಬಂದರಿನಲ್ಲೋ ಇಳಿದು, ಲಾರಿ ಹತ್ತಿ, ಘಟ್ಟದ ಬುಡದ ಕಾರ್ಖಾನೆ ಸೇರುತ್ತದೆ. ಆ ಹಡಗು ತಡವಾದರೆ ಇಲ್ಲಿ ಕೆಲಸಕ್ಕೆ ರಜೆ, ರಜೆಯೆಂದರೆ ಆ ವಾರ ಕೂಲಿ ಇಲ್ಲ.

ಹಾಗಾದರೆ ಆ ದೇಶಗಳ ಬಗ್ಗೆ ನಮ್ಮವರಿಗೆ ಗೊತ್ತಿರುವುದೆಷ್ಟು? ಕಾಡು, ಸಿಂಹ, ಬರಗಾಲ, ಕ್ರಿಕೆಟ್ ಆಡುವ ಒಂದೆರಡು ದೇಶ. ಅಲ್ಲಿಗೆ ಮುಗಿಯಿತು. ಅಮೆರಿಕದ ವೀಸಾ ಎಷ್ಟು ಬಗೆಯೆಂದು ಬಸ್‌ಸ್ಟ್ಯಾಂಡಿನ ಹುಡುಗ ಬಾಯಿಪಾಠ ಒಪ್ಪಿಸುತ್ತಾನೆ. ತನ್ನ ತಾಯಿಯ ಕೂಲಿ ಯಾವ ದೇಶದ ಮರದ ಮೇಲೆ ನಿಂತಿದೆ ಎಂದು ಕೇಳಿ ನೋಡಿ, ಮುಖ ಮುಖ ನೋಡುತ್ತಾನೆ. ತಪ್ಪು ಹುಡುಗನದ್ದಲ್ಲ. ಅವನಿಗೆ ಯಾವ ತರಗತಿಯಲ್ಲೂ ಯಾರೂ ಅದನ್ನು ಹೇಳಿಕೊಟ್ಟಿಲ್ಲ.

ಇನ್ನೊಂದು ಗುಡ್ಡೆಯ ಕಥೆ

ನಮ್ಮ ಕೊಣಾಜೆಯಂತೆಯೇ ಗುಡ್ಡೆಯ ಮೇಲಿರುವ ಇನ್ನೊಂದು ವಿಶ್ವವಿದ್ಯಾನಿಲಯವುಂಟು. ತಾಂಜಾನಿಯದ ದಾರ್ ಎಸ್ ಸಲಾಮ್ ನಗರದಲ್ಲಿ. ಅಲ್ಲಿನ ಜನ ಅದನ್ನು ಸ್ವಾಹಿಲಿ ಭಾಷೆಯಲ್ಲಿ 'ಮ್ಲಿಮಾನಿ' ಎನ್ನುತ್ತಾರೆ. ಅಂದರೆ 'ಗುಡ್ಡೆಯ ಮೇಲೆ' ಎಂದೇ ಅರ್ಥ. 1961ರ ಅಕ್ಟೋಬರಿನಲ್ಲಿ, ದೇಶ ಸ್ವತಂತ್ರವಾಗುವುದಕ್ಕೆ ಎರಡು ತಿಂಗಳು ಮೊದಲು, ಒಂದು ಪಕ್ಷದ ಕಟ್ಟಡದಲ್ಲಿ ಕಾನೂನು ತರಗತಿಯಾಗಿ ಶುರುವಾದ ಕಾಲೇಜು ಅದು. ಮೊದಲ ವರ್ಷ ವಿದ್ಯಾರ್ಥಿಗಳು ಹದಿನೈದೂ ಇರಲಿಲ್ಲ. 1964ರಲ್ಲಿ ಗುಡ್ಡೆಗೆ ಹೋಯಿತು. 1970ರ ಜುಲೈಯಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು.

ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ. ಮೂಲತಃ ಶಾಲಾ ಮಾಸ್ಟ್ರು. ಜನ ಕೊನೆಯವರೆಗೂ ಅವರನ್ನು 'ಮ್ವಾಲಿಮು', ಅಂದರೆ ಮಾಸ್ಟ್ರು ಎಂದೇ ಕರೆದರು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದದ್ದು ಇಬ್ಬರು ಎಂಜಿನಿಯರುಗಳು, ಹನ್ನೆರಡು ಮಂದಿ ಡಾಕ್ಟರುಗಳು ಎಂದು ಅವರೇ ಲೆಕ್ಕ ಹೇಳಿದ್ದುಂಟು. ಅಂಥ ದೇಶದಲ್ಲಿ ಒಬ್ಬ ಹುಡುಗನನ್ನು ಕಾಲೇಜು ಓದಿಸುವುದೆಂದರೆ ನೂರಾರು ರೈತರ ತೆರಿಗೆಯ ಹಣ. ಮಾಸ್ಟ್ರು ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ ಕೊಟ್ಟರು. ಹಸಿದ ಊರಿನವರು ಇದ್ದಬದ್ದ ಅನ್ನವನ್ನೆಲ್ಲ ಒಬ್ಬನಿಗೆ ಬುತ್ತಿ ಕಟ್ಟಿಕೊಡುತ್ತಾರೆ, ದೂರದೂರಿಗೆ ಹೋಗಿ ಎಲ್ಲರಿಗೂ ಅಕ್ಕಿ ತರಲಿ ಎಂದು. ಬುತ್ತಿ ಉಂಡವ ತಿರುಗಿ ಬರದಿದ್ದರೆ ಅವನಿಗೆ ಏನೆನ್ನಬೇಕು? ದ್ರೋಹಿ ಎನ್ನಬೇಕು ಎಂದು ಮಾಸ್ಟ್ರು ಮುಖಕ್ಕೆ ಹೊಡೆದಂತೆ ಹೇಳಿದರು.

ಕೇಳಿದ ವಿದ್ಯಾರ್ಥಿಗಳು ಕಣ್ಣೀರು ಹಾಕಿದರು ಎಂದುಕೊಳ್ಳಬೇಡಿ. 1966ರ ಅಕ್ಟೋಬರಿನಲ್ಲಿ ಸರ್ಕಾರ ರಾಷ್ಟ್ರಸೇವೆ ಕಡ್ಡಾಯ ಮಾಡಿತು. ಓದು ಮುಗಿದ ಮೇಲೆ ಎರಡು ವರ್ಷ ಸೇವೆ, ಅದರಲ್ಲಿ ಐದು ತಿಂಗಳು ಶಿಬಿರದಲ್ಲಿ, ಉಳಿದ ಕಾಲ ಕೆಲಸ ಮಾಡುತ್ತ ನೂರಕ್ಕೆ ನಲವತ್ತರಷ್ಟು ಸಂಬಳ ಮಾತ್ರ. ವಿದ್ಯಾರ್ಥಿಗಳು ಮೆರವಣಿಗೆ ಹೊರಟು ಅಧ್ಯಕ್ಷರ ನಿವಾಸಕ್ಕೇ ಹೋದರು. ಇದಕ್ಕಿಂತ ಪರಂಗಿಯವರ ಆಳ್ವಿಕೆಯೇ ವಾಸಿ ಎಂಬ ಅರ್ಥದ ಫಲಕಗಳೂ ಇದ್ದವು! ಮಾಸ್ಟ್ರು ಬೆತ್ತ ತೆಗೆದರು. ಸುಮಾರು 400 ವಿದ್ಯಾರ್ಥಿಗಳನ್ನು ಕಾಲೇಜಿನಿಂದ ಹೊರಗೆ ಹಾಕಿ ಊರಿಗೆ ಕಳುಹಿಸಿದರು. ಆದರೆ ಸಂಬಳದ ವಿಷಯದಲ್ಲಿ ಹುಡುಗರ ಮಾತಿನಲ್ಲಿ ಹುರುಳುಂಟು ಎಂದು ಒಪ್ಪಿ, ಅಲ್ಲೇ ತಮ್ಮ ಸಂಬಳವನ್ನು ನೂರಕ್ಕೆ ಇಪ್ಪತ್ತರಷ್ಟು ಕಡಿತ ಮಾಡಿಕೊಂಡರು. ಮಂತ್ರಿಗಳದ್ದೂ ಕಡಿತವಾಯಿತು. ನಮ್ಮ ಶಾಸಕರು ಪಕ್ಷಭೇದ ಮರೆತು ಒಂದಾಗುವುದು ಯಾವ ಮಸೂದೆಗೆ ಎಂದು ಬಲ್ಲವರು ಈ ಸಾಲನ್ನು ಇನ್ನೊಮ್ಮೆ ಓದಬಹುದು.

ಹೊರಹೋದವರಲ್ಲಿ ಬಹುಪಾಲು ಮರುವರ್ಷ ತಿರುಗಿ ಬಂದರು. ಅಷ್ಟರಲ್ಲಿ 1967ರ ಫೆಬ್ರವರಿಯಲ್ಲಿ ಅರುಷಾ ಘೋಷಣೆ ಹೊರಟು, ದೇಶ ಸಮಾಜವಾದದ ದಾರಿ ಹಿಡಿದಿತ್ತು. ವಿಶ್ವವಿದ್ಯಾನಿಲಯ ಯಾರಿಗಾಗಿ ಎಂದು ಗುಡ್ಡೆಯ ಮೇಲೆ ದೊಡ್ಡ ಚರ್ಚೆ ನಡೆಯಿತು. ಅದರಿಂದ ಹುಟ್ಟಿದ್ದೇ 'ಅಭಿವೃದ್ಧಿ ಅಧ್ಯಯನ' ಎಂಬ ಪಾಠ. ಎಂಜಿನಿಯರಾಗುವವನಿಗೂ, ಡಾಕ್ಟರಾಗುವವಳಿಗೂ, ವಕೀಲನಿಗೂ ಅದು ಕಡ್ಡಾಯ. 1973ರಲ್ಲಿ ಅದಕ್ಕೆಂದೇ ಒಂದು ಸಂಸ್ಥೆ ಸ್ಥಾಪನೆಯಾಯಿತು.

ಈ ಪಾಠದಲ್ಲಿ ಇರುವುದೆಂತದು? ಸೇತುವೆ ಎಷ್ಟು, ಅಣೆಕಟ್ಟು ಎಷ್ಟು ಎಂಬ ಪಟ್ಟಿಯಲ್ಲ. ಹತ್ತಿ ಬೆಳೆದವ ಅಂಗಿ ಯಾಕೆ ಹೊರಗಿನಿಂದ ಕೊಳ್ಳುತ್ತಾನೆ? ಬೀಜ ಬೆಳೆದವ ಬೀಜ ಸುಲಿಯುವುದಿಲ್ಲ ಯಾಕೆ? ಧಾರಣೆ ಕಟ್ಟುವವರು ಯಾರು? ಸಾಲ ಕೊಡುವವನ ಷರತ್ತು ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ? ಇಂಥವು. ಗಯಾನದಿಂದ ಬಂದ ವಾಲ್ಟರ್ ರಾಡ್ನಿ ಎಂಬ ಚರಿತ್ರೆಯ ಅಧ್ಯಾಪಕ ಆ ಗುಡ್ಡೆಯಲ್ಲಿ ಪಾಠ ಮಾಡುತ್ತಿದ್ದಾಗಲೇ, 1972ರಲ್ಲಿ, ಯುರೋಪು ಆಫ್ರಿಕವನ್ನು ಹಿಂದಕ್ಕೆ ತಳ್ಳಿದ ಬಗೆಯನ್ನು ಕುರಿತ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ. ಈಗ ಉಗಾಂಡದ ಅಧ್ಯಕ್ಷರಾಗಿರುವ ಮುಸೆವೆನಿ ಆ ಕಾಲದಲ್ಲಿ ಅಲ್ಲಿ ವಿದ್ಯಾರ್ಥಿ. 1986ರಿಂದ ಕುರ್ಚಿ ಬಿಡದೆ ಕೂತಿದ್ದಾರೆ. ಒಳ್ಳೆಯ ಪಾಠ ಕೇಳಿದವರೆಲ್ಲ ಒಳ್ಳೆಯವರಾಗುತ್ತಾರೆ ಎಂಬ ಗ್ಯಾರಂಟಿ ಎಲ್ಲೂ ಇಲ್ಲ ಬಿಡಿ.

ಮಾಸ್ಟ್ರ ತಪ್ಪೂ ಪಾಠವೇ

ನೈರೇರೆಯವರನ್ನು ದೇವರು ಮಾಡುವ ಅಗತ್ಯವೂ ಇಲ್ಲ. 1970ರ ದಶಕದಲ್ಲಿ ಚದುರಿದಂತೆ ಮನೆ ಮಾಡಿಕೊಂಡಿದ್ದ ರೈತರನ್ನು ಒಂದೇ ಕಡೆ ಹಳ್ಳಿ ಕಟ್ಟಿ ಕೂರಿಸುವ ಯೋಜನೆ ಬಂತು. ಮೊದಮೊದಲು ಬುದ್ಧಿಮಾತು, ಆಮೇಲೆ ಬಲವಂತ. ಮನೆ ಹೊಸ ಹಳ್ಳಿಯಲ್ಲಿ, ಗೇರುಮರ ಹಳೆಯ ಜಾಗದಲ್ಲಿ! ಕಳೆ ತೆಗೆಯುವವರಿಲ್ಲ, ಬಿದ್ದ ಬೀಜ ಹೆಕ್ಕುವವರಿಲ್ಲ. ಸರ್ಕಾರ ಕೊಟ್ಟ ಧಾರಣೆಯೂ ಕಡಿಮೆ, ಜೊತೆಗೆ ಮರಕ್ಕೆ ರೋಗ. 1973-74ರಲ್ಲಿ ಒಂದೂವರೆ ಲಕ್ಷ ಟನ್ನಿನ ಹತ್ತಿರ ಇದ್ದ ಬೆಳೆ 1986-87ಕ್ಕೆ ಇಪ್ಪತ್ತು ಸಾವಿರ ಟನ್ನಿಗೂ ಕೆಳಗೆ ಇಳಿಯಿತು. ನಮ್ಮ ಬೀಜ ನಾವೇ ಸುಲಿಯೋಣ ಎಂದು ಸಾಲ ತಂದು ಕಟ್ಟಿದ ಕಾರ್ಖಾನೆಗಳು ಬೀಜವಿಲ್ಲದೆ ತುಕ್ಕು ಹಿಡಿದವು.

ಮುಂದಿನ ಕಥೆ ಪಕ್ಕದ ಮೊಜಾಂಬಿಕ್‌ನದ್ದು. ಇದರಲ್ಲಿ ನಮ್ಮವರ ಪಾಲೂ ಉಂಟು. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ ಅದು. 1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ, ಹಿಂದೆಯೇ 1992ರವರೆಗೆ ಅಂತರ್ಯುದ್ಧ. ಯುದ್ಧ ಮುಗಿದು ಕಾರ್ಖಾನೆಗಳು ಖಾಸಗಿಯವರ ಕೈಗೆ ಹೋದವು. ಅಷ್ಟರಲ್ಲಿ, 1995ರ ಸುಮಾರಿಗೆ, ಸಾಲ ಕೊಡುವ ವಿಶ್ವಬ್ಯಾಂಕು ಒಂದು ಷರತ್ತು ಹಾಕಿತು: ಸುಲಿಯದ ಬೀಜವನ್ನು ಹೊರಗೆ ಕಳುಹಿಸುವುದರ ಮೇಲಿನ ತೆರಿಗೆ ಇಳಿಸಿ, ರೈತನಿಗೆ ಒಳ್ಳೆಯ ಧಾರಣೆ ಸಿಗುತ್ತದೆ. ತೆರಿಗೆ ಇಳಿಯಿತು. ಬೀಜ ಹಡಗು ಹತ್ತಿತು. ಅಲ್ಲಿನ ಕಾರ್ಖಾನೆಗಳು ಒಂದೊಂದೇ ಬಾಗಿಲು ಹಾಕಿದವು. ಸಾವಿರಾರು ಕೆಲಸಗಾರರು, ಬಹಳಷ್ಟು ಹೆಂಗಸರು, ಬೀದಿಗೆ ಬಿದ್ದರು. ರೈತನಿಗಾದರೂ ಲಾಭವಾಯಿತಾ? ಡ್ಯಾನಿ ರಾಡ್ರಿಕ್ ಎಂಬ ಅರ್ಥಶಾಸ್ತ್ರಜ್ಞರೂ ಇಬ್ಬರು ಸಹೋದ್ಯೋಗಿಗಳೂ ಲೆಕ್ಕ ಹಾಕಿ 2002ರಲ್ಲಿ ಪ್ರಕಟಿಸಿದರು: ಬೆಳೆಗಾರನ ಮನೆಗೆ ಬಂದ ಹೆಚ್ಚುವರಿ ಆದಾಯ ವರ್ಷಕ್ಕೆ ಐದಾರು ಡಾಲರು! ಅಷ್ಟರೊಳಗೆ, 1999ರಲ್ಲಿ, ಅಲ್ಲಿನ ಸಂಸತ್ತು ತೆರಿಗೆಯನ್ನು ಮತ್ತೆ ಏರಿಸಿಯೂ ಆಗಿತ್ತು. ಮುಚ್ಚಿದ ಬಾಗಿಲು ತೆರೆಯಲು ಅದು ತಡವಾಯಿತು.

ಹಡಗು ಹತ್ತಿದ ಆ ಬೀಜ ಹೋದದ್ದೆಲ್ಲಿಗೆ? ಭಾರತಕ್ಕೆ.

ಈ ಕಥೆ ಇಂದು ಜಗತ್ತಿನ ಅಭಿವೃದ್ಧಿ ಅಧ್ಯಯನದ ತರಗತಿಗಳಲ್ಲಿ ಮಾಮೂಲು ಪಾಠ. ನಮ್ಮ ಜಿಲ್ಲೆಯ ಹೆಂಗಸು ಮಾಡುವ ಕೆಲಸದ ಕಥೆ ಲಂಡನ್ನಿನ ಹುಡುಗನಿಗೆ ಗೊತ್ತು, ಅಮೆರಿಕದ ಹುಡುಗಿಗೆ ಗೊತ್ತು. ಆ ಹೆಂಗಸಿನ ಸ್ವಂತ ಮಗಳು ಬಿ.ಕಾಂ. ಮೂರನೇ ವರ್ಷ, ಅವಳಿಗೆ ಗೊತ್ತಿಲ್ಲ!

'ನಮಗೆ ಯಾಕೆ ಇದೆಲ್ಲ?'

ಕೇಳುವವರುಂಟು: 'ಆಫ್ರಿಕದವರ ಕಷ್ಟ ಆಫ್ರಿಕದವರಿಗೆ, ನಮ್ಮದೇ ನಮಗೆ ಹಾಸಿ ಹೊದೆಯುವಷ್ಟುಂಟು.' ಪ್ರಶ್ನೆ ತಪ್ಪಲ್ಲ. ಉತ್ತರ ಕಿಸೆಯ ಲೆಕ್ಕದಲ್ಲೇ ಉಂಟು.

ಅಲ್ಲಿಯವರು ಇನ್ನೂ ಎಷ್ಟು ದಿನ ಬೀಜವನ್ನು ಸುಲಿಯದೆ ನಮಗೆ ಕಳುಹಿಸಿಯಾರು? 2018ರ ನವೆಂಬರಿನಲ್ಲಿ ತಾಂಜಾನಿಯದಲ್ಲಿ ವ್ಯಾಪಾರಿಗಳು ಕಡಿಮೆ ಧಾರಣೆ ಕೂಗಿದರು. ಅಧ್ಯಕ್ಷ ಮಗುಫುಲಿ ಸಿಟ್ಟಿಗೆದ್ದು ಕಿಲೋಗೆ 3,300 ಶಿಲ್ಲಿಂಗ್ ಧಾರಣೆ ಕಟ್ಟಿ, ಬೀಜ ಎತ್ತಲು ಮಿಲಿಟರಿ ಲಾರಿಗಳನ್ನೇ ಕಳುಹಿಸಿದರು. ಕೊಂಡ ಬೀಜ ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂತು ಸರ್ಕಾರಕ್ಕೂ ಪೆಟ್ಟಾಯಿತು, ಅದು ಬೇರೆ ಮಾತು. ಆದರೆ ಅಲ್ಲಿನ ಮನಸ್ಸು ಎತ್ತ ಹೊರಳಿದೆ ಎಂದು ತಿಳಿಯಲು ಅಷ್ಟು ಸಾಕು. ಈಗ ಎಲ್ಲರಿಗಿಂತ ಹೆಚ್ಚು ಬೀಜ ಬೆಳೆಯುವ ಐವರಿ ಕೋಸ್ಟ್ ತನ್ನಲ್ಲೇ ಸುಲಿಯುವ ಕಾರ್ಖಾನೆಗಳನ್ನು ಕಟ್ಟುತ್ತಿದೆ. ಈ ಕಡೆ ವಿಯೆಟ್ನಾಂ ಯಂತ್ರ ತಂದು, ಅದೇ ಆಫ್ರಿಕದ ಬೀಜ ಕೊಂಡು, 2006ರಲ್ಲಿ ಬೀಜದ ರಫ್ತಿನಲ್ಲಿ ಭಾರತವನ್ನು ಹಿಂದೆ ಹಾಕಿಯಾಯಿತು.

ಅವರು ತಮ್ಮ ಬೀಜ ತಾವೇ ಸುಲಿಯುವುದು ಅನ್ಯಾಯವಾ? ಖಂಡಿತ ಅಲ್ಲ. ಅವರ ಹೆಂಗಸರಿಗೂ ಹೊಟ್ಟೆಯುಂಟು. ಆದರೆ ಆ ದಿನ ಬಂದಾಗ ಕಾರ್ಕಳದ ಬಸ್ಸಿನಲ್ಲಿ ಬುತ್ತಿ ಹಿಡಿದು ಕೂತವರ ಗತಿ ಏನು ಎಂದು ಈಗಲೇ ಯೋಚಿಸುವವರು ಬೇಕಲ್ಲ? ಮೊಜಾಂಬಿಕ್‌ನ ಕಾರ್ಖಾನೆಯ ಬಾಗಿಲಲ್ಲಿ ಆದದ್ದು ಇಲ್ಲಿನ ಬಾಗಿಲಲ್ಲಿ ಆಗಬಾರದು ಎಂದಾದರೆ, ಅಲ್ಲಿ ಏನಾಯಿತು ಎಂದಾದರೂ ಓದಿದವರು ನಾಲ್ಕು ಮಂದಿ ಊರಲ್ಲಿ ಬೇಕಲ್ಲ? ಗೇರುಗಿಡದ ವಿದ್ಯೆಗೆ ಪುತ್ತೂರಿನಲ್ಲಿ 1986ರಿಂದ ಸಂಶೋಧನಾ ಕೇಂದ್ರವುಂಟು. ಕಸಿ, ತಳಿ, ಗೊಬ್ಬರ, ರೋಗ ಎಲ್ಲ ಅಲ್ಲಿ ಕೇಳಬಹುದು. ಗೇರಿನ ಹಿಂದಿರುವ ದೇಶದ ವಿದ್ಯೆ ಕೇಳಲು ಎಲ್ಲಿಗೆ ಹೋಗಬೇಕು?

ದಾರಿ ಇಲ್ಲವೆಂದಲ್ಲ

ಹೋಗಲು ಜಾಗಗಳುಂಟು. ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ 1955ರಿಂದ ಆಫ್ರಿಕ ಅಧ್ಯಯನ ವಿಭಾಗವುಂಟು. ಮುಂಬಯಿಯಲ್ಲಿ 1971ರಿಂದ ಅಂಥದ್ದೇ ಕೇಂದ್ರವುಂಟು. ಕರಾವಳಿಯಿಂದ ಮುಂಬಯಿಗೆ ಹೋಟೆಲು ಕೆಲಸಕ್ಕೆ ಹೋದವರ ಲೆಕ್ಕ ಇಟ್ಟವರಿಲ್ಲ, ಆ ಕೇಂದ್ರದ ಮೆಟ್ಟಿಲು ಹತ್ತಿದವರನ್ನು ಬೆರಳಲ್ಲಿ ಎಣಿಸಬಹುದೋ ಏನೋ! ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲೂ ಇಂಥ ಕೇಂದ್ರವುಂಟು. 2023ರಲ್ಲಿ ಮದರಾಸಿನ ಐಐಟಿ ತಾಂಜಾನಿಯದ ಜಾಂಜಿಬಾರ್ ದ್ವೀಪದಲ್ಲಿ ಶಾಖೆ ತೆರೆಯಿತು. ದೇಶದ ಹೊರಗಿನ ಮೊದಲ ಐಐಟಿ ಅದು. ಅಲ್ಲಿಗೆ ಇಲ್ಲಿನ ಮಕ್ಕಳೂ ಅರ್ಜಿ ಹಾಕಬಹುದು. ಚೀನಾದವರು ಇದಕ್ಕೂ ಮೊದಲೇ ದಾರ್‌ನ ಗುಡ್ಡೆಯ ಮೇಲೆ ದೊಡ್ಡ ಗ್ರಂಥಾಲಯ ಕಟ್ಟಿಕೊಟ್ಟಿದ್ದಾರೆ, 2018ರಲ್ಲಿ ಉದ್ಘಾಟನೆಯಾಯಿತು. ಚೀನಾದವರು ಸುಮ್ಮನೆ ಕಟ್ಟುವ ಪೈಕಿಯಾ?

'ಆಫ್ರಿಕ ಓದಿದರೆ ಕೆಲಸ ಸಿಗುತ್ತದಾ?' ಎಂದು ತಂದೆತಾಯಿ ಕೇಳುವುದು ಸಹಜ. ಗುಜರಾತಿನ ವ್ಯಾಪಾರಿಗಳನ್ನು ಕೇಳಿ. ತಲೆಮಾರುಗಳಿಂದ ಪೂರ್ವ ಆಫ್ರಿಕದಲ್ಲಿ ಅಂಗಡಿ ಇಟ್ಟವರು ಅವರು. ಬೀಜ ತರಿಸುವ ಕಾರ್ಖಾನೆಗಳಿಗೆ ಅಲ್ಲಿನ ಕಾನೂನು, ತೆರಿಗೆ, ಮಳೆ, ಬಂದರು ತಿಳಿದವರು ಬೇಕು. ಐವರಿ ಕೋಸ್ಟಿನಲ್ಲಿ ವ್ಯವಹಾರಕ್ಕೆ ಫ್ರೆಂಚ್, ಮೊಜಾಂಬಿಕ್‌ನಲ್ಲಿ ಪೋರ್ಚುಗೀಸ್, ತಾಂಜಾನಿಯದಲ್ಲಿ ಸ್ವಾಹಿಲಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕನ್ನೂ ಒಂದೇ ಬಸ್ಸಿನಲ್ಲಿ ಮಾತಾಡುವ ಹುಡುಗರಿಗೆ ಐದನೆಯ ಭಾಷೆ ಎಷ್ಟರ ಮಾತು?

ಅಲ್ಲಿಂದ ಇಲ್ಲಿಗೆ ಓದಲು ಬರುವವರೂ ಉಂಟು. 2015ರಲ್ಲಿ ದಿಲ್ಲಿಯಲ್ಲಿ ನಡೆದ ಆಫ್ರಿಕ ಸಮ್ಮೇಳನದಲ್ಲಿ ಭಾರತ ಐದು ವರ್ಷಗಳಲ್ಲಿ 50,000 ವಿದ್ಯಾರ್ಥಿವೇತನ ಕೊಡುವುದಾಗಿ ಹೇಳಿತು. ಅದಾಗಿ ಮೂರೇ ತಿಂಗಳಿಗೆ, 2016ರ ಜನವರಿ ಕೊನೆಗೆ, ಬೆಂಗಳೂರಿನ ಹೊರವಲಯದಲ್ಲಿ ಯಾರೋ ಮಾಡಿದ ಅಪಘಾತದ ಸಿಟ್ಟನ್ನು ಗುಂಪೊಂದು ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ತೀರಿಸಿಕೊಂಡಿತು. ಸುದ್ದಿ ಜಗತ್ತೆಲ್ಲ ಹರಡಿ ರಾಜ್ಯದ ಮಾನ ಹರಾಜಾಯಿತು. ಒಂದು ಕೈಯಲ್ಲಿ ವಿದ್ಯಾರ್ಥಿವೇತನ, ಇನ್ನೊಂದು ಕೈಯಲ್ಲಿ ಕಲ್ಲು! ಆ ಗುಂಪಿನಲ್ಲಿದ್ದವರ ಮನೆಯ ಪಾಯಸದಲ್ಲೂ ತಾಂಜಾನಿಯದ ಬೀಜ ಬಿದ್ದಿರಲಿಕ್ಕೆ ಸಾಕು.

ಕೇಳುವುದು ಮೂರೇ ಸಂಗತಿ

ಒಂದು, ಜಿಲ್ಲೆಯ ಕಾಲೇಜುಗಳಲ್ಲಿ ವಾಣಿಜ್ಯ, ಅರ್ಥಶಾಸ್ತ್ರ ಓದುವ ಮಕ್ಕಳಿಗೆ ಗೇರುಬೀಜದ ಕಥೆ ಒಂದು ಅಧ್ಯಾಯವಾಗಲಿ. ಮೊಜಾಂಬಿಕ್‌ನಿಂದ ಶುರುವಾಗಿ ಕಾರ್ಕಳದ ಕಾರ್ಖಾನೆಯ ಬಾಗಿಲಲ್ಲಿ ಮುಗಿಯಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಒಬ್ಬ ಅಧ್ಯಾಪಕನ ಮನಸ್ಸೂ ಒಂದು ಬಸ್ ಟಿಕೆಟೂ ಸಾಕು.

ಎರಡು, ಕೊಣಾಜೆಯ ಗುಡ್ಡೆ ದಾರ್‌ನ ಗುಡ್ಡೆಗೆ ಒಂದು ಕಾಗದ ಬರೆಯಲಿ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ, 1980ರಲ್ಲಿ ಸ್ವತಂತ್ರವಾದ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸಮುದ್ರ ಕಾಣುವಷ್ಟು ಎತ್ತರವುಂಟು. ಸಮುದ್ರದಾಚೆಯೂ ಕಾಣಲಿ. ವರ್ಷಕ್ಕೆ ಇಬ್ಬರು ಇಲ್ಲಿಂದ ಅಲ್ಲಿಗೆ, ಇಬ್ಬರು ಅಲ್ಲಿಂದ ಇಲ್ಲಿಗೆ ಬಂದು ಹೋದರೆ ಗುಡ್ಡೆ ಕುಸಿಯುವುದಿಲ್ಲ.

ಮೂರು, ಬೀಜದ ಉದ್ಯಮಿಗಳು. ದೇವಸ್ಥಾನದ ಬ್ರಹ್ಮಕಲಶಕ್ಕೆ, ಇಗರ್ಜಿಯ ಹಬ್ಬಕ್ಕೆ, ಮಸೀದಿಯ ಉರೂಸಿಗೆ ಕೈ ಬಿಚ್ಚಿ ಕೊಡುವವರು ಅವರು. ಹಡಗಿನಲ್ಲಿ ಬರುವ ಬೀಜದ ಲಾಭದಲ್ಲಿ ಒಂದು ಚೂರು ತೆಗೆದಿಟ್ಟು, ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳಲ್ಲಿ ವರ್ಷಕ್ಕೊಬ್ಬರನ್ನು ಆಫ್ರಿಕದ ಅಧ್ಯಯನಕ್ಕೆ ಕಳುಹಿಸಲಿ. ಇದು ದಾನವಲ್ಲ, ಬಂಡವಾಳ. ನಾಳೆ ಬೀಜ ಬಾರದ ದಿನ ಏನು ಮಾಡಬೇಕೆಂದು ಹೇಳುವ ಒಬ್ಬರಾದರೂ ಊರಲ್ಲಿರುತ್ತಾರೆ.

ಸಂಜೆ ಐದೂವರೆಗೆ ಅದೇ ಬಸ್ಸು ತಿರುಗಿ ಬರುತ್ತದೆ. ಬುತ್ತಿ ಖಾಲಿ, ಬೆರಳು ಇನ್ನಷ್ಟು ಕಪ್ಪು. ಪಕ್ಕದ ಸೀಟಿನಲ್ಲಿ ಕಾಲೇಜು ಬಿಟ್ಟು ಬಂದ ಮಗಳು. ಹಸಿದ ಊರು ಬುತ್ತಿ ಕಟ್ಟಿ ಕಳುಹಿಸಿದ್ದು ಅವಳನ್ನೇ. 'ಈ ಸಲ ಬೀಜದ ಹಡಗು ಬರುವುದು ತಡವಂತೆ ಮಗಾ, ಯಾಕೆ?' ಎಂದು ತಾಯಿ ಕೇಳಿದರೆ ಉತ್ತರ ಹೇಳುವಷ್ಟಾದರೂ ಕಾಲೇಜು ಅವಳಿಗೆ ಕಲಿಸಿರಬೇಕು.